ಬೆಳಗಿನ ಮೊದಲ ಹೆಜ್ಜೆ ಏನು ಹೇಳುತ್ತದೆ?

ಪ್ರಶ್ನೆ: ಸರ್, ನನಗೆ 43 ವರ್ಷ. ಐದು ವರ್ಷಗಳಿಂದ ಲಾಲ್‌ಬಾಗ್‌ನಲ್ಲಿ ಓಡುತ್ತಿದ್ದೆ. ನಾಲ್ಕು ತಿಂಗಳಿಂದ ಬಲ ಹಿಮ್ಮಡಿ ನೋವು. ವೈದ್ಯರು ‘ಪ್ಲಾಂಟರ್ ಫೇಷಿಯೈಟಿಸ್’ ಎಂದಿದ್ದಾರೆ. ಎಕ್ಸ್‌ರೇಯಲ್ಲಿ ಮೂಳೆ ಬೆಳೆದಿರುವುದೂ ಕಂಡಿದೆ. ವಾಸಿಯಾಯಿತೆಂದು ಎರಡು ಸಲ ಓಡಿ, ಎರಡು ಸಲವೂ ನೋವು ಮರುಕಳಿಸಿತು. ಗೆಳೆಯರು ಓಡುವುದನ್ನು ಕಂಡರೆ ಅಳು ಬರುತ್ತದೆ. ಇನ್ನೆಷ್ಟು ದಿನ ಕಾಯಲಿ?
– ಓದುಗರು, ಜಯನಗರ

ಉತ್ತರ: ಆ ಅಳು ನನಗೆ ಗೊತ್ತು. ನನ್ನ ಎಡ ಹಿಮ್ಮಡಿ ಹನ್ನೊಂದು ತಿಂಗಳು ನನ್ನನ್ನು ಓಡಲು ಬಿಡಲಿಲ್ಲ. ನಮ್ಮ ಮನೆಯಲ್ಲಿ ಗ್ರಾನೈಟ್ ನೆಲ. ಬೆಳಗ್ಗೆ ಐದಕ್ಕೆ ಮಂಚದಿಂದ ಕಾಲಿಳಿಸಿದರೆ ಹಿಮ್ಮಡಿಗೆ ಮೊಳೆ ಹೊಡೆದಂತಾಗುತ್ತಿತ್ತು. ಗೋಡೆ ಹಿಡಿದು, ಪಾದದ ಹೊರ ಅಂಚಿನ ಮೇಲೆ ಬಚ್ಚಲಿಗೆ ಹೋಗುತ್ತಿದ್ದೆ. ಹಾಲು ತಂದು ಬರುವಷ್ಟರಲ್ಲಿ ನೋವೇ ಇರುತ್ತಿರಲಿಲ್ಲ.

ನಾವು ಮೋಸ ಹೋಗುವುದು ಅಲ್ಲಿಯೇ. ಹಿಮ್ಮಡಿಯ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ದಪ್ಪ ಪಟ್ಟಿ ಇದೆ. ನಿಮ್ಮ ವೈದ್ಯರು ಹೇಳಿದ ಹೆಸರು ಆ ಪಟ್ಟಿಯ ನೋವಿನದೇ. ರಾತ್ರಿಯೆಲ್ಲ ಅದು ಬಿಗಿದುಕೊಂಡಿರುತ್ತದೆ, ಎದ್ದು ಮೈಭಾರ ಹಾಕಿದಾಗ ಒಮ್ಮೆಲೇ ಎಳೆಯುತ್ತದೆ, ನಡೆದಂತೆ ಸಡಿಲವಾಗುತ್ತದೆ. ಆ ಸಡಿಲವನ್ನೇ ವಾಸಿಯೆಂದು ನೀವು ಎರಡು ಸಲ ನಂಬಿದ್ದೀರಿ. ಬೆಳೆದ ಮೂಳೆಯ ಚಿಂತೆ ಬಿಡಿ. ನೋವೇ ಇಲ್ಲದ ಎಷ್ಟೋ ಜನರ ಎಕ್ಸ್‌ರೇಯಲ್ಲಿಯೂ ಅದು ಕಾಣುತ್ತದೆ.

ಬಹುಪಾಲು ಜನರಿಗೆ ಶಸ್ತ್ರಚಿಕಿತ್ಸೆಯಿಲ್ಲದೆಯೇ ಗುಣವಾಗುತ್ತದೆ. ಆದರೆ ಆರು ತಿಂಗಳಿಂದ ಒಂದು ವರ್ಷ ಹಿಡಿಯುವುದು ಅಪರೂಪವಲ್ಲ. ಓಟದ ದಿನ ಹತ್ತಿರ ಬಂತೆಂದು ಸ್ಟೀರಾಯ್ಡ್ ಚುಚ್ಚುಮದ್ದಿಗೆ ಅವಸರಪಡಬೇಡಿ. ಅದು ಕೆಲವು ವಾರ ನೋವನ್ನು ತಗ್ಗಿಸಬಹುದು, ಪಟ್ಟಿ ಹರಿಯುವ ಅಪಾಯವೂ ಅದರಲ್ಲಿದೆ.

ಕಾಯುವುದೆಂದರೆ ಸುಮ್ಮನೆ ಕೂರುವುದಲ್ಲ. ಟವೆಲ್ ಸುತ್ತಿ ಮೆಟ್ಟಿಲಿನ ಅಂಚಿನಲ್ಲಿಡಿ. ಬೆರಳುಗಳು ಅದರ ಮೇಲೆ ಮೇಲ್ಮುಖವಾಗಿ ಬಾಗಿರಲಿ, ಹಿಮ್ಮಡಿ ಗಾಳಿಯಲ್ಲಿರಲಿ. ಕಂಬಿ ಹಿಡಿದು ಮೂರು ಎಣಿಸುತ್ತ ಮೇಲೇಳಿ, ಎರಡು ಎಣಿಸುವವರೆಗೆ ನಿಲ್ಲಿ, ಮೂರು ಎಣಿಸುತ್ತ ಇಳಿಯಿರಿ. ಒಂದು ಸುತ್ತಿಗೆ ಹನ್ನೆರಡು, ಅಂಥ ಮೂರು ಸುತ್ತು, ದಿನ ಬಿಟ್ಟು ದಿನ. ಒಂಟಿ ಕಾಲಲ್ಲಿ ಆಗದಿದ್ದರೆ ಎರಡೂ ಕಾಲಲ್ಲಿ ಶುರುಮಾಡಿ. ನನ್ನನ್ನು ಎಬ್ಬಿಸಿ ನಿಲ್ಲಿಸಿದ್ದು ಈ ಮೆಟ್ಟಿಲೇ. ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಿಕೊಳ್ಳಿ. ದೇವರ ಮನೆಗೆ ಬಿಟ್ಟು ಹೋಗಿ, ಸಾಕು.

ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ದಿನವೂ ಮೊದಲ ಹೆಜ್ಜೆಯ ನೋವಿಗೆ ಹತ್ತರಲ್ಲಿ ಒಂದು ಅಂಕ ಬರೆಯುತ್ತಿದ್ದೆ. ಏಳು, ಏಳು, ಆರು, ಮತ್ತೆ ಏಳು. ದಿನದಿಂದ ದಿನಕ್ಕೆ ನೋಡಿದರೆ ಎದೆ ಒಡೆಯುತ್ತದೆ. ತಿಂಗಳ ಹಾಳೆ ತಿರುವಿದಾಗ ಇಳಿದದ್ದು ಕಾಣುತ್ತದೆ. ಅರ್ಧ ಗಂಟೆ ಚುರುಕಾಗಿ ನಡೆದ ಮರುದಿನವೂ ಅಂಕ ಏರದಿದ್ದರೆ ಒಂದು ನಿಮಿಷ ಓಡಿ, ಎರಡು ನಿಮಿಷ ನಡೆಯಿರಿ, ಹೀಗೆ ಐದಾರು ಸಲ. ಮರುದಿನ ಬೆಳಗ್ಗೆ ಮತ್ತೆ ಕ್ಯಾಲೆಂಡರ್ ನೋಡಿ. ಲಾಲ್‌ಬಾಗ್ ಬಂಡೆಯ ಏರನ್ನು ಕೊನೆಗೆ ಇಟ್ಟುಕೊಳ್ಳಿ, ಏರಿನಲ್ಲಿ ಮೀನಖಂಡವೂ ಅಂಗಾಲೂ ಹೆಚ್ಚು ಎಳೆಯುತ್ತವೆ. ಜೋಮು, ಊತ, ಮಲಗಿದಾಗಲೂ ಬಿಡದ ನೋವು ಇದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಗೆಳೆಯರನ್ನು ಮಾತ್ರ ಬಿಡಬೇಡಿ. ಆ ತಿಂಗಳುಗಳಲ್ಲಿ ನಾನು ಪ್ರತಿ ಭಾನುವಾರ ಕಬ್ಬನ್ ಪಾರ್ಕ್‌ಗೆ ಹೋಗಿ ನಮ್ಮ ತಂಡದವರ ನೀರಿನ ಬಾಟಲಿಗಳನ್ನು ಕಾಯುತ್ತ ಕೂರುತ್ತಿದ್ದೆ. ಮೊದಲೆರಡು ವಾರ ಗಂಟಲು ಕಟ್ಟಿತು. ಮೂರನೆಯ ವಾರ ಅವರು ನನಗಾಗಿ ಕಾಫಿಗೆ ಕಾದರು.

ಎರಡು ತಿಂಗಳ ನಂತರ ನಿಮ್ಮ ಅಂಕಗಳನ್ನು ನನಗೆ ಬರೆದು ಕಳಿಸಿ.