ಹೋಲ್ ಫುಡ್ಸ್ ಪಕ್ಕದಲ್ಲೇ ಮನೆ ಹಿಡಿಯಲಾ ಅಂತ ಕೇಳಿದವರಿಗೆ

ನಿಮ್ಮ ಪ್ರಶ್ನೆ ಓದಿದೆ. ಯಜಮಾನರಿಗೆ ಡೆಟ್ರಾಯ್ಟ್‌ನ ಆಸ್ಪತ್ರೆಯಲ್ಲಿ ರೆಸಿಡೆನ್ಸಿ, ಅಂದರೆ ಡಾಕ್ಟರುಗಳ ತರಬೇತಿ ಕೆಲಸ, ಸಿಕ್ಕಿದೆ, ಜುಲೈ 1ಕ್ಕೆ ಕೆಲಸ ಶುರು. ನೀವು ತೀರ್ಥಹಳ್ಳಿಯಿಂದ ನೇರ ಇಲ್ಲಿಗೆ ಬರುತ್ತಿದ್ದೀರಿ. ಊರೊಳಗಿನ ಮಿಡ್‌ಟೌನ್ ಬಡಾವಣೆಯಲ್ಲಿ ಒಂದು ಅಪಾರ್ಟ್‌ಮೆಂಟ್ ನೋಡಿದ್ದೀರಿ. ಬಾಡಿಗೆ ಯಾಕಿಷ್ಟು ಅಂತ ಕೇಳಿದರೆ ಏಜೆಂಟ್ "ಹೋಲ್ ಫುಡ್ಸ್‌ಗೆ ನಡೆದೇ ಹೋಗಬಹುದು" ಅಂತಾನೆ. ಅದು ಸಾವಯವ ಆಹಾರಕ್ಕೆ ಹೆಸರಾದ ದುಬಾರಿ ದಿನಸಿ ಅಂಗಡಿಗಳ ಸರಣಿ. ಇತ್ತ ನೆಂಟರು "ಡೆಟ್ರಾಯ್ಟಾ? ಅದು ದಿವಾಳಿ ಎದ್ದ ಊರಲ್ವಾ?" ಅಂತ ಹೆದರಿಸಿದ್ದಾರೆ. ಯಾರ ಮಾತು ನಂಬಲಿ, ದಿನಸಿ ಎಲ್ಲಿ ತರಲಿ ಅಂತ ಕೇಳಿದ್ದೀರಿ. ಅಕ್ಕಾ ಅಂತ ಬೇರೆ ಕರೆದಿದ್ದೀರಿ, ಹಾಗಾಗಿ ಸ್ವಲ್ಪ ಬಿಚ್ಚಿಯೇ ಹೇಳುತ್ತೇನೆ.

ಏಜೆಂಟ್ ಹೇಳಿದ್ದೂ ನಿಜ, ನೆಂಟರು ಹೇಳಿದ್ದೂ ನಿಜ. ಎರಡೂ ನಡೆದಿದ್ದು ಒಂದೇ ಬೇಸಿಗೆಯಲ್ಲಿ. ಮ್ಯಾಕ್ ಅವೆನ್ಯೂದಲ್ಲಿ ಹೋಲ್ ಫುಡ್ಸ್ ಬಾಗಿಲು ತೆರೆದದ್ದು 2013ರ ಜೂನ್ 5ರಂದು. ಆರು ವಾರ ಕಳೆಯಿತು, ಜುಲೈ 18ಕ್ಕೆ ಡೆಟ್ರಾಯ್ಟ್ ನಗರಾಡಳಿತ ದಿವಾಳಿ ಅರ್ಜಿ ಹಾಕಿತು. ಸಾಲ ಸುಮಾರು 1,800 ಕೋಟಿ ಡಾಲರ್. ಅಮೆರಿಕದಲ್ಲಿ ಅಷ್ಟು ದೊಡ್ಡ ಊರು ಅದಕ್ಕೆ ಮುಂಚೆ ದಿವಾಳಿ ಎದ್ದಿರಲಿಲ್ಲ. ಬೀದಿದೀಪ ಉರಿಯದ ಊರಿನಲ್ಲಿ ಸಾವಯವ ಅವಕಾಡೊ ಮಾರುತ್ತಾರಂತೆ ಅಂತ ಜನ ನಗಾಡಿದ್ದರು. ಅಂಗಡಿ ಮುಂದೆ ಸಾಲೂ ನಿಂತಿದ್ದರು, ಅದು ಬೇರೆ ಮಾತು.

ಹಿನ್ನೆಲೆ ಗೊತ್ತಿಲ್ಲದಿದ್ದರೆ ಒಂದು ಅಂಗಡಿಗೆ ಇಷ್ಟೊಂದು ಗಲಾಟೆ ಯಾಕೆ ಅನಿಸುತ್ತದೆ. 1950ರಲ್ಲಿ ಇಲ್ಲಿ ಹದಿನೆಂಟೂವರೆ ಲಕ್ಷ ಜನ ಇದ್ದರು. 2010ರ ಜನಗಣತಿಗೆ ಬಂದಾಗ ಏಳು ಲಕ್ಷ ಚಿಲ್ಲರೆ. ಕಾರ್ ಕಾರ್ಖಾನೆಗಳು ಹೊರಗೆ ಹೋದವು. ಬಿಳಿಯರು ಸಬರ್ಬ್‌ಗಳಿಗೆ ಹೋದರು, ಆಮೇಲೆ ಕೈಯಲ್ಲಿ ಕಾಸಿದ್ದ ಕರಿಯರೂ ಹೋದರು. ಅವರ ಹಿಂದೆಯೇ ಅಂಗಡಿಗಳೂ ಹೋದವು. 2007ರಲ್ಲಿ ಫಾರ್ಮರ್ ಜ್ಯಾಕ್ ಮುಚ್ಚಿದ ಮೇಲೆ ಊರೊಳಗೆ ದೊಡ್ಡ ಸೂಪರ್ ಮಾರ್ಕೆಟ್ ಸರಣಿಯ ಅಂಗಡಿ ಒಂದೂ ಉಳಿಯಲಿಲ್ಲ. ಆಗ ಪೇಪರಿನವರೆಲ್ಲ ಡೆಟ್ರಾಯ್ಟ್‌ಗೆ 'ಆಹಾರದ ಮರುಭೂಮಿ' ಅಂತ ಹಣೆಪಟ್ಟಿ ಹಚ್ಚಿದರು, ಅಂದರೆ ಒಳ್ಳೆಯ ತಾಜಾ ಆಹಾರ ಸುಲಭಕ್ಕೆ ಸಿಗದ ಜಾಗ. ಅಂಥ ಕಡೆಗೆ, ಸಂಬಳವೆಲ್ಲ ಖಾಲಿ ಮಾಡಿಸುತ್ತದೆ ಅಂತ ಜನ 'ಹೋಲ್ ಪೇಚೆಕ್' ಅಂತ ಅಡ್ಡಹೆಸರಿಟ್ಟ ಅಂಗಡಿ ಬರುತ್ತದೆ ಅಂದರೆ ಸುದ್ದಿಯೇ ಅಲ್ವಾ.

ಕಂಪನಿಯ ಅಂದಿನ ಮುಖ್ಯಸ್ಥರಲ್ಲಿ ಒಬ್ಬರಾದ ವಾಲ್ಟರ್ ರಾಬ್ ದೊಡ್ಡ ಮಾತೇ ಆಡಿದ್ದರು. ಒಳ್ಳೆಯ ಆಹಾರ ಉಳ್ಳವರ ಸೊತ್ತಲ್ಲ, ವರ್ಣಭೇದದ ಜೊತೆಗೂ ಇದು ನಮ್ಮ ಜಗಳ ಅನ್ನುವ ಧಾಟಿ. ಮಾತು ಚೆನ್ನಾಗಿತ್ತು. ಆದರೆ ಅವರು ಜಾಗ ಹಿಡಿದದ್ದು ಎಲ್ಲಿ ನೋಡಿ. ಪಕ್ಕದಲ್ಲೇ ಡೆಟ್ರಾಯ್ಟ್ ಮೆಡಿಕಲ್ ಸೆಂಟರ್. ಸ್ವಲ್ಪ ಮೇಲೆ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯ. ಅದರಾಚೆ ಕಲಾ ಮ್ಯೂಸಿಯಂ. 2011ರಲ್ಲೇ 'ಲಿವ್ ಮಿಡ್‌ಟೌನ್' ಅಂತ ಒಂದು ಯೋಜನೆ ಶುರುವಾಗಿತ್ತು. ಆಸ್ಪತ್ರೆ ಮತ್ತು ವಿಶ್ವವಿದ್ಯಾಲಯದ ನೌಕರರು ಈ ಕಡೆ ಮನೆ ಕೊಂಡರೆ 20,000 ಡಾಲರ್‌ವರೆಗೆ ಸಾಲ, ಇಷ್ಟು ವರ್ಷ ಇಲ್ಲೇ ಇದ್ದರೆ ವಾಪಸ್ ಕೊಡುವುದೇ ಬೇಡವಾಗಿತ್ತು. ಬಾಡಿಗೆಗೆ ಬಂದರೂ ಮೊದಲ ವರ್ಷ 2,500 ಡಾಲರ್ ಸಹಾಯ ಸಿಗುತ್ತಿತ್ತು. ಅಂದರೆ ಸಂಬಳದ ಜನರನ್ನು ತಂದು ಕೂರಿಸುವ ಕೆಲಸ ಮೊದಲೇ ನಡೆದಿತ್ತು. ಅಂಗಡಿ ಹಿಂದಿನಿಂದ ಬಂತು. ಬರುವಾಗ ಸರ್ಕಾರದ ಕಡೆಯಿಂದ ನಲವತ್ತು ಲಕ್ಷ ಡಾಲರ್‌ಗೂ ಜಾಸ್ತಿ ರಿಯಾಯಿತಿ, ಅನುದಾನ ಕಟ್ಟಿಕೊಂಡೇ ಬಂತು.

ಇದನ್ನು ಯಾಕೆ ಇಷ್ಟು ಎಳೆದು ಹೇಳುತ್ತಿದ್ದೇನೆ ಅಂದರೆ, ಹೋಲ್ ಫುಡ್ಸ್ ಬಂದು ಡೆಟ್ರಾಯ್ಟ್ ಎದ್ದು ನಿಂತಿತು ಅಂತ ಕಥೆ ಹೇಳುವವರು ನಿಮಗೆ ಬೇಕಾದಷ್ಟು ಸಿಗುತ್ತಾರೆ. ನಿಮ್ಮ ಏಜೆಂಟ್ ಒಬ್ಬನೇ ಅಲ್ಲ. ಶಿಕಾಗೋದ ಎಂಗಲ್‌ವುಡ್‌ನಲ್ಲೂ 2016ರಲ್ಲಿ ಇದೇ ಕಂಪನಿ ಇದೇ ಮಾತಾಡಿ ಅಂಗಡಿ ತೆರೆದಿತ್ತು. ಅದಕ್ಕೂ ನಗರದ ದುಡ್ಡು ಒಂದು ಕೋಟಿ ಡಾಲರ್‌ಗಿಂತ ಜಾಸ್ತಿ ಹೋಗಿತ್ತು. 2022ರ ನವೆಂಬರ್‌ನಲ್ಲಿ ಬಾಗಿಲು ಹಾಕಿದರು. ಅದು ಪಕ್ಕಾ ಬಡವರ ಬಡಾವಣೆ, ಮಿಡ್‌ಟೌನ್‌ನಲ್ಲಿ ಇರುವಂಥ ಸಂಬಳದವರ ಸಾಲು ಅಲ್ಲಿರಲಿಲ್ಲ. ಡೆಟ್ರಾಯ್ಟ್‌ನದು ಇವತ್ತೂ ನಡೆಯುತ್ತಿದೆ. ಮಧ್ಯಾಹ್ನ ಹೋಗಿ ನಿಂತು ನೋಡಿ, ಸ್ಕ್ರಬ್ಸ್ ಹಾಕಿಕೊಂಡ ನರ್ಸುಗಳು, ಕೊರಳಲ್ಲಿ ಐಡಿ ಕಾರ್ಡ್ ನೇತಾಡುವ ಡಾಕ್ಟರುಗಳು, ಲ್ಯಾಪ್‌ಟಾಪ್ ಬ್ಯಾಗಿನ ವಿದ್ಯಾರ್ಥಿಗಳು. ಇನ್ನು ನಿಮ್ಮ ಯಜಮಾನರೂ ಆ ಸಾಲಿನಲ್ಲಿ ನಿಲ್ಲುತ್ತಾರೆ. ಹಳೆಯ ಡೆಟ್ರಾಯ್ಟಿಗರೂ ಬರುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಊರು ಸುಮಾರು 360 ಚದರ ಕಿಲೋಮೀಟರ್. ಪಶ್ಚಿಮದ ತುದಿಯಲ್ಲಿ ಕಾರಿಲ್ಲದೆ ಬದುಕುವ ಅಜ್ಜಿಗೆ ಈ ಅಂಗಡಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅವಳಿಗೆ ಹೆಚ್ಚು ಉಪಯೋಗಕ್ಕೆ ಬಂದಿದ್ದು, ನನ್ನ ಕೇಳಿದರೆ, ಮೈಯರ್ ಅನ್ನುವ ದೊಡ್ಡ ಅಂಗಡಿ ಸರಣಿ. ಊರಿನ ಉತ್ತರದ ಗಡಿಯಾದ ಎಯ್ಟ್ ಮೈಲ್ ರಸ್ತೆಯ ಹತ್ತಿರ ಅದೇ 2013ರ ಜುಲೈನಲ್ಲಿ ಒಂದು ತೆರೆಯಿತು, 2015ರಲ್ಲಿ ಗ್ರ್ಯಾಂಡ್ ರಿವರ್ ಅವೆನ್ಯೂದಲ್ಲಿ ಇನ್ನೊಂದು. ಅಕ್ಕಿಬೇಳೆಯಿಂದ ಚಡ್ಡಿಬನಿಯನ್‌ವರೆಗೆ ಒಂದೇ ಸೂರಿನಡಿ. ಆ ಬಗ್ಗೆ ಯಾರೂ ಅಷ್ಟು ಉದ್ದುದ್ದ ಬರೆಯಲಿಲ್ಲ.

'ಮರುಭೂಮಿ' ಮಾತಿಗೆ ನಿಜಕ್ಕೂ ಸಿಟ್ಟಾದವರು ಚಾಲ್ಡಿಯನ್ ಅಂಗಡಿಯವರು. ಇವರು ಇರಾಕಿನಿಂದ ಬಂದ ಕ್ರೈಸ್ತರು. ದೊಡ್ಡ ಕಂಪನಿಗಳೆಲ್ಲ ಗಂಟುಮೂಟೆ ಕಟ್ಟಿದಾಗ ಊರೊಳಗೆ ದಿನಸಿ ಅಂಗಡಿ ನಡೆಸಿಕೊಂಡು ಬಂದದ್ದು ಹೆಚ್ಚಾಗಿ ಇವರೇ. ಎಲ್ಲ ಅಂಗಡಿಯೂ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ಬಾಡಿದ ಲೆಟಿಸ್ಸು, ಅರ್ಧ ಅಂಗಡಿ ತುಂಬಾ ಬಿಯರು, ಗಾಜಿನ ಹಿಂದೆ ಕೂತ ಮಾಲೀಕ, ಇಂಥವೂ ಇದ್ದವು. ಒಳ್ಳೆಯವೂ ಇದ್ದವು, ಈಗಲೂ ಇವೆ. ನಿಮ್ಮ ಮನೆಯ ಸುತ್ತ ಅಂಥ ಒಂದನ್ನು ಹುಡುಕಿಟ್ಟುಕೊಳ್ಳಿ. ಈರುಳ್ಳಿ, ಆಲೂಗಡ್ಡೆ, ಮೊಟ್ಟೆ, ಹಾಲಿಗೆ ಅಷ್ಟು ಸಾಕು.

ಈಗ ನಿಮ್ಮ ಅಡುಗೆಮನೆಗೆ ಬರೋಣ.

ಹೋಲ್ ಫುಡ್ಸ್‌ನಲ್ಲಿ ಏನು ತರಬಹುದು? ಅವರದೇ '365' ಅನ್ನುವ ಬ್ರ್ಯಾಂಡ್ ಇದೆ. ಅದರಲ್ಲಿ ಹಾಲು, ಗಟ್ಟಿ ಮೊಸರು, ಓಟ್ಸ್, ಗೋಡಂಬಿ, ಬಾದಾಮಿ ಅಂಥಾ ದುಬಾರಿಯೇನಲ್ಲ. 2017ರಲ್ಲಿ ಅಮೆಜಾನ್ ಈ ಕಂಪನಿಯನ್ನು ಕೊಂಡ ಮೇಲೆ ಪ್ರೈಮ್ ಇದ್ದವರಿಗೆ ಕೆಲವಕ್ಕೆ ರಿಯಾಯಿತಿಯೂ ಸಿಗುತ್ತದೆ, ಅದರದೇ ಬಣ್ಣದ ಚೀಟಿ ಅಂಟಿಸಿರುತ್ತಾರೆ. ಹಣ್ಣು ಚೆನ್ನಾಗಿರುತ್ತದೆ. ಬೇಳೆಕಾಳು, ಮಸಾಲೆ ಮಾತ್ರ ಅಲ್ಲಿ ಮುಟ್ಟಬೇಡಿ. ಒಂದು ಸಣ್ಣ ಬಾಟಲಿ ಜೀರಿಗೆಗೆ ಅವರು ಕೇಳುವ ದುಡ್ಡಿಗೆ ಇಂಡಿಯನ್ ಅಂಗಡಿಯಲ್ಲಿ ದೊಡ್ಡ ಪ್ಯಾಕೆಟ್ಟೇ ಬರುತ್ತದೆ.

ಇನ್ನೊಂದು, ಹೊಸಬರೆಲ್ಲ ಬೀಳುವ ಹಳ್ಳ. ಒಳಗೆ ಬಿಸಿ ಬಿಸಿ ಪದಾರ್ಥಗಳ ಒಂದು ಸಾಲು ಇರುತ್ತದೆ. ಡಬ್ಬ ತಗೊಂಡು ನಮಗೆ ಬೇಕಾದ್ದು ತುಂಬಿಕೊಳ್ಳಬೇಕು. ಸುಮ್ನೆ ನೋಡಿದರೆ ಮದುವೆ ಮನೆಯ ಬಫೆ ಥರಾನೇ ಕಾಣುತ್ತದೆ, ನಾವೂ ಹಾಗೇ ಬಡಿಸಿಕೊಳ್ಳುತ್ತೇವೆ. ಆದರೆ ಅಲ್ಲಿ ರೇಟು ತೂಕದ ಮೇಲೆ. ಎಲ್ಲಾ ಪದಾರ್ಥಕ್ಕೂ ಪೌಂಡಿಗೆ ಒಂದೇ ರೇಟು. ಅನ್ನ, ಬೇಯಿಸಿದ ಕಡಲೆ, ಗ್ರೇವಿ ಹಾಕಿಕೊಂಡವರ ಡಬ್ಬ ಕಲ್ಲಿನಂತೆ ತೂಗುತ್ತದೆ. ಕೌಂಟರಿನಲ್ಲಿ ಬಿಲ್ ನೋಡಿ ಮುಖ ಸಣ್ಣಗಾಗುತ್ತದೆ. ಅದರ ಮೇಲೆ ಟ್ಯಾಕ್ಸು ಬೇರೆ. ನಮ್ಮ ಮಿಷಿಗನ್ ರಾಜ್ಯದಲ್ಲಿ ತರಕಾರಿ, ಅಕ್ಕಿ, ಹಾಲಿಗೆ ಮಾರಾಟ ತೆರಿಗೆ ಇಲ್ಲ. ಬಿಸಿ ಊಟಕ್ಕೆ 6 ಪರ್ಸೆಂಟ್ ಇದೆ. ನೈಟ್ ಡ್ಯೂಟಿ ಮುಗಿಸಿ ಬರುವ ಯಜಮಾನರಿಗೆ ಇದನ್ನು ಮೊದಲೇ ಹೇಳಿಡಿ.

ಶನಿವಾರ ಈಸ್ಟರ್ನ್ ಮಾರ್ಕೆಟ್. ಇದು 1891ರಿಂದ ಅದೇ ಜಾಗದಲ್ಲಿ ನಡೆಯುತ್ತಿರುವ ಸಂತೆ, ಮಿಡ್‌ಟೌನ್‌ನಿಂದ ದೂರವೇನಿಲ್ಲ. ಚಳಿಗಾಲದಲ್ಲೂ ಇರುತ್ತದೆ, ದೊಡ್ಡ ದೊಡ್ಡ ಶೆಡ್ಡುಗಳೊಳಗೆ. ಬೇಸಿಗೆ ಕೊನೆಯಲ್ಲಿ ಟೊಮೆಟೊ, ಬೀನ್ಸ್, ಜೋಳ, ಮೆಣಸಿನಕಾಯಿಗಳನ್ನು ಬುಟ್ಟಿ ಲೆಕ್ಕದಲ್ಲಿ ಮಾರುತ್ತಾರೆ. ಮಧ್ಯಾಹ್ನದ ಮೇಲೆ ಹೋದರೆ ಚೌಕಾಸಿಗೂ ಬಗ್ಗುತ್ತಾರೆ. ಊರಿನ ಬಡವರ ಹೊಟ್ಟೆಗೆ ಏನಾಯಿತು ಅಂತ ಕೇಳುವವರು ಇಲ್ಲಿ ನೋಡಬೇಕು. ಸರ್ಕಾರ ಬಡ ಕುಟುಂಬಗಳಿಗೆ ಆಹಾರಕ್ಕೆಂದು ದುಡ್ಡು ಹಾಕುವ ಒಂದು ಕಾರ್ಡು ಇದೆ, ಮಿಷಿಗನ್‌ನಲ್ಲಿ ಬ್ರಿಡ್ಜ್ ಕಾರ್ಡ್ ಅಂತಾರೆ. 2009ರಲ್ಲಿ ಡೆಟ್ರಾಯ್ಟ್‌ನ ಸಂತೆಗಳಲ್ಲಿ 'ಡಬಲ್ ಅಪ್' ಅಂತ ಒಂದು ಏರ್ಪಾಡು ಶುರುವಾಯಿತು. ಆ ಕಾರ್ಡಿನಲ್ಲಿ ಕೊಂಡರೆ ಅಷ್ಟೇ ಮೊತ್ತದ ಹಣ್ಣು ತರಕಾರಿ ಪುಕ್ಕಟೆ, ಒಂದು ಮಿತಿಯವರೆಗೆ. ಆಮೇಲೆ ಅದು ಬೇರೆ ಬೇರೆ ರಾಜ್ಯಗಳಿಗೂ ಹೋಯಿತು. 2024ರಲ್ಲಿ ವುಡ್‌ವರ್ಡ್ ಅವೆನ್ಯೂದಲ್ಲಿ ಇಲ್ಲಿನ ಕರಿಯ ಜನ ಮುಂದೆ ನಿಂತು ತಮ್ಮದೇ ಒಂದು ಸಹಕಾರಿ ದಿನಸಿ ಅಂಗಡಿಯನ್ನೂ ತೆರೆದರು, ಡೆಟ್ರಾಯ್ಟ್ ಪೀಪಲ್ಸ್ ಫುಡ್ ಕೋಆಪ್ ಅಂತ. ನಮ್ಮ ಹಾಲಿನ ಡೇರಿಯ ಹಾಗೆ ಸದಸ್ಯರೇ ಮಾಲೀಕರು. ಸದಸ್ಯರಲ್ಲದವರೂ ಕೊಳ್ಳಬಹುದು, ಒಮ್ಮೆ ಹೋಗಿ ನೋಡಿ.

ಆದರೆ ತೀರ್ಥಹಳ್ಳಿಯವರಿಗೆ ನಾನು ತೋರಿಸಲೇಬೇಕಾದ ಜಾಗ ಹ್ಯಾಮ್‌ಟ್ರಾಮಿಕ್. ಡೆಟ್ರಾಯ್ಟ್‌ನ ಹೊಟ್ಟೆಯೊಳಗೇ ಇರುವ ಪುಟ್ಟ ಬೇರೆ ಊರು. ಮೊದಲು ಪೋಲೆಂಡಿನವರದು, ಈಗ ಯೆಮೆನ್ ಮತ್ತು ಬಾಂಗ್ಲಾದೇಶದವರೇ ಜಾಸ್ತಿ. ಅಲ್ಲಿ ಕಾನಂಟ್ ಬೀದಿಯಲ್ಲಿ ಬಾಂಗ್ಲಾ ಅಂಗಡಿಗಳ ಸಾಲೇ ಇದೆ. ಬೋರ್ಡು ಬಂಗಾಲಿಯಲ್ಲಿ ಇರುತ್ತದೆ, ಒಳಗೆ ಹೊಕ್ಕರೆ ಮೀನಿನ ವಾಸನೆ ಮೂಗಿಗೆ ಬಡಿಯುತ್ತದೆ, ಹೆದರಬೇಡಿ. ಬಾಗಿಲ ಬಳಿಯ ರಟ್ಟಿನ ಪೆಟ್ಟಿಗೆ ನೋಡಿ. ದಪ್ಪ ದಂಟಿನ ಬಸಳೆ ಸಿಗುತ್ತದೆ! ಅವರು ಪುಯಿ ಅಂತಾರೆ, ಹಾಗೇ ಕೇಳಿ. ಫ್ರೀಜರ್‌ನಲ್ಲಿ ಹಲಸಿನ ಬೀಜ ಇರುತ್ತದೆ. ಎರಡೂ ತಂದರೆ ಬಸಳೆ ಹುಳಿ ಆಗೇ ಹೋಯಿತು. ಹಾಗಲ, ಪಡುವಲ, ಹೀರೆ, ಸುವರ್ಣಗೆಡ್ಡೆ, ಕೆಸುವಿನ ಗೆಡ್ಡೆ, ಎಲ್ಲಾ ಅಲ್ಲೇ. ಆಗಸ್ಟ್‌ನಲ್ಲಿ ಆ ಬೀದಿಗಳ ಹಿಂಬದಿ ಓಡಾಡಿ ನೋಡಿ. ಪುಟ್ಟ ಪುಟ್ಟ ಮನೆಗಳ ಹಿತ್ತಲ ತುಂಬಾ ಹಗ್ಗ, ಕೋಲು ಕಟ್ಟಿ ಚಪ್ಪರ ಹಾಕಿರುತ್ತಾರೆ, ಅದರಿಂದ ಸೋರೆಕಾಯಿ ನೇತಾಡುತ್ತಿರುತ್ತದೆ.

ಕೊತ್ತಂಬರಿ, ಪುದೀನ, ಸಣ್ಣ ಬದನೆ, ಖರ್ಜೂರಕ್ಕೆ ಪಕ್ಕದ ಊರು ಡಿಯರ್‌ಬೋರ್ನ್‌ನ ಅರಬ್ ಅಂಗಡಿಗಳು. ಅಲ್ಲಿ ಕಟ್ಟು ಅಂದರೆ ನಮ್ಮೂರ ಕಟ್ಟೇ, ನಾಲ್ಕು ಎಲೆ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಮಾರುವುದಿಲ್ಲ. ಇನ್ನು ಸೋನಾ ಮಸೂರಿ, ಉದ್ದಿನಬೇಳೆ, ಕರಿಬೇವು, ತೆಂಗಿನ ತುರಿ ಬೇಕೆಂದರೆ ಕ್ಯಾಂಟನ್, ನೋವೈ, ಟ್ರಾಯ್ ಅನ್ನುವ ಸಬರ್ಬ್‌ಗಳ ಕಡೆಗೆ ಹೋಗಲೇಬೇಕು. ನಮ್ಮ ಜನ ಇರುವುದೆಲ್ಲ ಆ ಕಡೆಯೇ. ಕಾರಿಲ್ಲದೆ ಆಗುವುದಿಲ್ಲ. ಮೊದಲ ಕೆಲವು ತಿಂಗಳು ಯಾರಾದರೂ ಕರೆದುಕೊಂಡು ಹೋಗುತ್ತಾರೆ, ಪಂಪ ಕನ್ನಡ ಕೂಟದವರನ್ನು ಪರಿಚಯ ಮಾಡಿಕೊಳ್ಳಿ. ಒಮ್ಮೆ ಹೋದರೆ ತಿಂಗಳಿಗಾಗುವಷ್ಟು ತಂದುಬಿಡಿ. ಕರಿಬೇವಿನ ಸೊಪ್ಪನ್ನೋ ಗಿಡವನ್ನೋ ಊರಿಂದ ಸೂಟ್‌ಕೇಸಿನಲ್ಲಿ ತರಬೇಡಿ, ಏರ್‌ಪೋರ್ಟಿನಲ್ಲಿ ಕಿತ್ತುಕೊಳ್ಳುತ್ತಾರೆ.

ಆ ಕಡೆಯ ನಮ್ಮವರ ಬಗ್ಗೆ ಒಂದು ಮಾತು. "ಎಯ್ಟ್ ಮೈಲ್ ದಾಟಿ ಒಳಗೆ ಹೋಗಬೇಡಿ" ಅಂತ ನಿಮಗೂ ಹೇಳುತ್ತಾರೆ. ಹೇಳುವವರಲ್ಲಿ ಎಷ್ಟೋ ಜನ ಕಾರ್ ಶೋಗೆ ಬಿಟ್ಟರೆ ಊರೊಳಗೆ ಕಾಲಿಟ್ಟಿರುವುದಿಲ್ಲ. ಹೋಲ್ ಫುಡ್ಸ್ ಬಂದ ಮೇಲೆ "ಈಗ ಪರವಾಗಿಲ್ವಂತೆ" ಅಂತ ಶುರು ಮಾಡಿದರು. ನನಗೆ ಅದು ಬೇಜಾರು. ಕಣ್ಣಿಗೆ ಪರಿಚಿತವಾದ ಒಂದು ಹಸಿರು ಬೋರ್ಡು ಕಂಡ ಮೇಲಷ್ಟೇ ಅವರಿಗೆ ಇದು ಊರು ಅನಿಸಿದ್ದು. ಆರು ಲಕ್ಷಕ್ಕೂ ಹೆಚ್ಚು ಜನ ಅದಕ್ಕೆ ಮುಂಚೆಯೂ ಇಲ್ಲೇ ಉಂಡು ಮಲಗುತ್ತಿದ್ದರು. ಎಚ್ಚರಿಕೆ ಬೇಡ ಅಂತಲ್ಲ. ಕಾರಿನ ಸೀಟಿನ ಮೇಲೆ ಬ್ಯಾಗ್ ಬಿಡಬೇಡಿ, ರಾತ್ರಿ ಖಾಲಿ ಬೀದಿಯಲ್ಲಿ ಫೋನ್ ನೋಡುತ್ತಾ ನಡೆಯಬೇಡಿ. ಬೆಂಗಳೂರಿನಲ್ಲೂ ಅಷ್ಟು ನೋಡಿಕೊಳ್ಳುತ್ತೀರಲ್ಲ. ಅಂದಹಾಗೆ 2023ರಲ್ಲಿ ಊರಿನ ಜನಸಂಖ್ಯೆ ಸ್ವಲ್ಪ ಏರಿತು ಅಂತ ಸರ್ಕಾರದ ಅಂದಾಜು ಹೇಳಿತು, 1957ರಿಂದೀಚೆಗೆ ಮೊದಲ ಸಲ.

ಮನೆ ವಿಷಯ. ಮಿಡ್‌ಟೌನ್ ಹಿಡಿಯಿರಿ ಅಂತಲೇ ನಾನು ಹೇಳುವುದು. ಕಾರಣ ಹೋಲ್ ಫುಡ್ಸ್ ಅಲ್ಲ, ಆಸ್ಪತ್ರೆ. ರೆಸಿಡೆನ್ಸಿಯಲ್ಲಿ ಗಂಡ ಮನೆಗೆ ಬರುವ ಹೊತ್ತು ದೇವರಿಗೇ ಗೊತ್ತು. ಜನವರಿ ಹಿಮದಲ್ಲಿ ಅವರು ನಡೆದೇ ಬರಬಹುದು ಅನ್ನುವುದು ದೊಡ್ಡ ಸಮಾಧಾನ. ವುಡ್‌ವರ್ಡ್ ಮೇಲೆ ಕ್ಯೂಲೈನ್ ಟ್ರಾಮ್ ಇದೆ, ಟಿಕೆಟ್ ಇಲ್ಲ. 4 ನಂಬರ್ ಬಸ್ಸೂ ಅದೇ ರಸ್ತೆಯಲ್ಲಿ ಓಡುತ್ತದೆ. ನೀವು ಒಬ್ಬರೇ ಇದ್ದಾಗ ಲೈಬ್ರರಿ, ಮ್ಯೂಸಿಯಂ ಅಂತ ಓಡಾಡಬಹುದು. ಸಬರ್ಬ್‌ನಲ್ಲಿ ಕಾರಿಲ್ಲದೆ ಕೂತರೆ ನಾಲ್ಕು ಗೋಡೆಯೇ ಗತಿ.

ಆದರೆ ಏಜೆಂಟ್ ಹತ್ತಿರ ಅಂಗಡಿಯ ಮಾತು ಬಿಟ್ಟು ಬೇರೆ ಪ್ರಶ್ನೆ ಕೇಳಿ. ಹೀಟಿಂಗ್ ಬಾಡಿಗೆಯಲ್ಲೇ ಬರುತ್ತದಾ, ಬೇರೆಯಾ? ಹಳೆ ಕಟ್ಟಡವಾದರೆ ಇದು ಸಣ್ಣ ಮೊತ್ತವಲ್ಲ. ಪಾರ್ಕಿಂಗ್‌ಗೆ ತಿಂಗಳಿಗೆ ಎಷ್ಟು? ವಾಷಿಂಗ್ ಮಷಿನ್ ಮನೆಯೊಳಗೆ ಇದೆಯಾ, ನೆಲಮಾಳಿಗೆಯಲ್ಲಾ? ಎರಡನೇ ವರ್ಷ ಬಾಡಿಗೆ ಎಷ್ಟು ಏರಿಸುತ್ತಾರೆ? ಆಟ ಇರುವ ದಿನ ಹತ್ತಿರದ ಕ್ರೀಡಾಂಗಣ ಲಿಟಲ್ ಸೀಸರ್ಸ್ ಅರೀನಾದ ವಾಹನಗಳೆಲ್ಲ ನಿಮ್ಮ ಬೀದಿಗೇ ಬರುತ್ತವಾ? ಇದಕ್ಕೆಲ್ಲ ಬರವಣಿಗೆಯಲ್ಲಿ ಉತ್ತರ ತಗೊಳ್ಳಿ. ಒಲೆ ಮೇಲಿನ ಚಿಮಣಿ ಹೊಗೆಯನ್ನು ಹೊರಗೆ ತಳ್ಳುತ್ತದಾ ಅಥವಾ ಅಲ್ಲೇ ಸುತ್ತಿಸುತ್ತದಾ ಅಂತಲೂ ಕೇಳಿ. ಒಗ್ಗರಣೆ ಹಾಕಿದರೆ ಹೊಗೆ ಅಲಾರಂ ಕೂಗಿಕೊಂಡು ಇಡೀ ಕಟ್ಟಡ ಬಾಗಿಲಿಗೆ ಬಂದು ನಿಲ್ಲುತ್ತದೆ. ಅಗ್ರಿಮೆಂಟಿಗೆ ಸಹಿ ಹಾಕುವ ಮುಂಚೆ ನನಗೊಮ್ಮೆ ಕಳಿಸಿ, ನೋಡಿ ಹೇಳುತ್ತೇನೆ.