ಅಮ್ಮ ಹೇಳಿದ 'ಅದೆ, ಅದೆ'

ಪ್ರಶ್ನೆ: ಮಗಳಿಗೆ ನಾಲ್ಕು ವರ್ಷ ಮೂರು ತಿಂಗಳು. ನಡೆದದ್ದು ಎರಡೂವರೆಗೆ. ಮಾತು ಐದಾರು ಶಬ್ದ, ಅದೂ ತುಳುವಿನಲ್ಲಿ. ಆಸ್ಪತ್ರೆಗೆ ತೋರಿಸಿ ಅಂಗವೈಕಲ್ಯದ ಸರ್ಟಿಫಿಕೇಟ್ ಮಾಡಿಸಿ ಎಂದು ಅಂಗನವಾಡಿ ಟೀಚರ್ ಹೇಳುತ್ತಾರೆ. 'ಅವಳ ಅಪ್ಪನೂ ತಡವಾಗಿಯೇ ಮಾತಾಡಿದ್ದು, ಹೆಣ್ಣುಮಗುವಿಗೆ ಯಾಕೆ ಹಣೆಪಟ್ಟಿ' ಎಂದು ಅತ್ತೆ. ಗಂಡ ದುಬೈಯಲ್ಲಿ. ನನಗೆ ಮಲಯಾಳ ಕೇಳಿದರೆ ಸ್ವಲ್ಪ ತಿಳಿಯುತ್ತದೆ, ಮಾತಾಡಲು ಬಾರದು. ಏನು ಮಾಡಲಿ?
— ಒಬ್ಬ ತಾಯಿ, ಪೈವಳಿಕೆ (ಕೇರಳದ ಕಾಸರಗೋಡು ಜಿಲ್ಲೆ)

ಉತ್ತರ: ಮೊದಲು ಕಿವಿ ತೋರಿಸಿ. ಬಾಗಿಲು ಧಡಾರೆಂದರೆ ತಿರುಗುತ್ತಾಳೆ ಎಂದು ಸುಮ್ಮನಿರಬೇಡಿ, ಆ ಅದುರು ಮೈಗೂ ತಿಳಿಯುತ್ತದೆ. ಮಗು ನಿದ್ದೆಯಲ್ಲಿರುವಾಗ ತಲೆಗೆ ತಂತಿ ಅಂಟಿಸಿ ಮಾಡುವ ಬೆರಾ ಪರೀಕ್ಷೆ ಇದೆ, ನೋವಿಲ್ಲ. ಥೈರಾಯ್ಡಿನ ರಕ್ತಪರೀಕ್ಷೆಯೂ ಆಗಲಿ. ಇನ್ನು ಅತ್ತೆಯವರನ್ನು ಒಂದೇ ಮಾತು ಕೇಳಿ: ಅವಳ ಅಪ್ಪ ನಡೆದದ್ದು ಯಾವಾಗ? ಮಾತು ಮಾತ್ರ ತಡವಾಗುವುದು ಬೇರೆ, ನಡಿಗೆ ಮಾತು ಎರಡೂ ಹಿಂದೆ ಬೀಳುವುದು ಬೇರೆ. ಐದು ವರ್ಷದ ಒಳಗೆ ಇದನ್ನು ಡಾಕ್ಟರರು 'ಬೆಳವಣಿಗೆಯ ವಿಳಂಬ' ಎಂದಷ್ಟೇ ಬರೆಯುತ್ತಾರೆ, ಬುದ್ಧಿಮಾಂದ್ಯ ಎಂದು ಬರೆಯುವುದಿಲ್ಲ. ಸರ್ಟಿಫಿಕೇಟೂ ತಾತ್ಕಾಲಿಕ. ಐದಕ್ಕೆ, ಹತ್ತಕ್ಕೆ, ಹದಿನೆಂಟಕ್ಕೆ ಮತ್ತೆ ನೋಡುತ್ತಾರೆ. ಅತ್ತೆ ಹೆದರುವ ಹಣೆಪಟ್ಟಿ ಅಷ್ಟು ಗಟ್ಟಿ ಅಂಟಿನದಲ್ಲ.

ನಾನು ಹೆದರುವುದು ಮಲಯಾಳ ಮಾತಾಡಲು ಬಾರದು ಎಂಬ ನಿಮ್ಮ ಸಾಲಿಗೆ. ನನ್ನ ಮಗನಿಗೆ ಈಗ 24. ಏಳು ವರ್ಷದವನಿದ್ದಾಗ ಒಂದು ಆಸ್ಪತ್ರೆಯ ಜಗಲಿಯಲ್ಲಿ ಮೂರು ಗಂಟೆ ಕಾದು ಒಳಗೆ ಹೋದೆ. ಮಗುವಿಗೆ ದಿನನಿತ್ಯದ ಕೆಲಸ ಎಷ್ಟು ಬರುತ್ತದೆ ಎಂದು ಅಳೆಯುವ ವೈನ್‌ಲ್ಯಾಂಡ್ ಮಾಪಕ ಎಂದೊಂದಿದೆ. ಅದರಲ್ಲಿ ಹೆಚ್ಚಿನ ಪ್ರಶ್ನೆಗಳು ಮಗುವಿಗಲ್ಲ, ತಾಯಿಗೆ. ತಾನೇ ಉಣ್ಣುತ್ತಾನಾ, ಕೈ ತೊಳೆದು ಒರೆಸಿಕೊಳ್ಳುತ್ತಾನಾ, ಅಂಗಿಯ ಗುಂಡಿ ಹಾಕುತ್ತಾನಾ. ಎಲ್ಲ ಮಲಯಾಳದಲ್ಲಿ ಸರಸರ ಬಂತು. ಅರ್ಧ ಅರ್ಥವಾಯಿತು, ಉಳಿದರ್ಧಕ್ಕೆ ಮರ್ಯಾದೆಗೆಂದು 'ಅದೆ, ಅದೆ' (ಮಲಯಾಳದಲ್ಲಿ ಹೌದು, ಹೌದು) ಎಂದೆ. ತಪ್ಪೆಲ್ಲ ಭಾಷೆಯದ್ದು ಎಂದರೆ ಸುಳ್ಳಾದೀತು. ನನ್ನ ಮಗ ಅಷ್ಟೇನೂ ಹಿಂದಿಲ್ಲ ಎಂದು ತೋರಿಸಿಕೊಳ್ಳುವ ಆಸೆಯೂ ಇತ್ತು. ಗುಂಡಿ ಹಾಕುತ್ತಾನೆ ಎಂದೆ. ಹಾಕುತ್ತಿದ್ದ, ನಾನು ಅರ್ಧ ತೂರಿಸಿ ಕೊಟ್ಟರೆ. ಕೈಗೆ ಬಂದ ಕಾಗದದಲ್ಲಿ ಅಂಗವೈಕಲ್ಯ ಶೇ. 25 ಎಂದಿತ್ತು. ಸವಲತ್ತಿಗೆ ಕನಿಷ್ಠ 40 ಬೇಕು. ಮರುಪರೀಕ್ಷೆಯಾಗಿ 50 ಆಗುವಷ್ಟರಲ್ಲಿ ಮೂರು ವರ್ಷ ಕಳೆದಿತ್ತು.

ಹಾಗಾಗಿ ಹೋಗುವ ಮೊದಲು ಒಂದು ವಾರ ಪುಸ್ತಕದಲ್ಲಿ ಬರೆದಿಡಿ: ಯಾವುದನ್ನು ಒಬ್ಬಳೇ ಮಾಡುತ್ತಾಳೆ, ಯಾವುದಕ್ಕೆ ನಿಮ್ಮ ಕೈ ಬೇಕು, ಯಾವುದು ಆಗುವುದೇ ಇಲ್ಲ. ಎರಡೂ ಭಾಷೆ ಬಲ್ಲ ಆಶಾ ಕಾರ್ಯಕರ್ತೆಯನ್ನೋ ಆ ಟೀಚರನ್ನೋ ಜತೆಗೆ ಕರಕೊಂಡು ಹೋಗಿ. ಮಗುವಿನ ಮುಂದೆ ಚಿತ್ರ ಇಟ್ಟು ನಾಯಿಗೆ ಮಲಯಾಳದ ಶಬ್ದ ಹಾಕಿ 'ಪಟ್ಟಿ ಎಲ್ಲಿ' ಎಂದು ಕೇಳಿದರೆ 'ನಾಯಿ' ಎಂದೇ ಕೇಳಿ ಬೆಳೆದವಳು ಏನು ತೋರಿಸಿಯಾಳು? ತುಳುವಿನಲ್ಲಿ ಕೇಳಿ ಎಂದು ಧೈರ್ಯವಾಗಿ ಹೇಳಿ. ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು ಎಂದು ಸಂವಿಧಾನದ 350ನೇ ವಿಧಿಯೇ ಹೇಳುತ್ತದೆ. ದೂರು ಕೊಡಬೇಕಾಗಿ ಬಂದರೆ ಕನ್ನಡದಲ್ಲೇ ಬರೆಯಿರಿ. ಮನೆಯಲ್ಲಿ ತುಳು ಬಿಡಬೇಕೆಂದು ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಎರಡು ಭಾಷೆ ಕೇಳಿ ಮಾತು ಹಿಂದೆ ಬೀಳುವುದಿಲ್ಲ.

ಹದಿನೆಂಟರ ತನಕದ ಮಕ್ಕಳ ತಪಾಸಣೆಗೆ ಸರಕಾರದ ಆರ್.ಬಿ.ಎಸ್.ಕೆ. ಯೋಜನೆ ಇದೆ. ಅದರ ನರ್ಸ್ ಅಂಗನವಾಡಿಗೇ ಬರುತ್ತಾರೆ, ಜಿಲ್ಲೆಯ ಶೀಘ್ರ ಚಿಕಿತ್ಸಾ ಕೇಂದ್ರಕ್ಕೆ ಚೀಟಿ ಅವರಿಂದಲೇ ಬರೆಸಿಕೊಳ್ಳಿ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಬಹುದು. ಶಾಲೆ ಸೇರುವಾಗ ಬಿ.ಆರ್.ಸಿ.ಯ (ಬ್ಲಾಕ್ ಸಂಪನ್ಮೂಲ ಕೇಂದ್ರ) ವಿಶೇಷ ಶಿಕ್ಷಕಿಯನ್ನು ಕಾಣಿ. ಬುದ್ಧಿ ಬೆಳವಣಿಗೆ ಹಿಂದಿರುವ ಮಕ್ಕಳಿಗೆಂದೇ ಇರುವ ಪಂಚಾಯತಿನ ಬಡ್ಸ್ ಶಾಲೆಗಳು ನಮ್ಮಲ್ಲಿ ಒಳ್ಳೆಯ ಕೆಲಸ ಮಾಡುತ್ತಿವೆ, ಆದರೆ ಈ ವಯಸ್ಸಿಗೇ ಅತ್ತ ಓಡಬೇಡಿ. ಅಂಗನವಾಡಿಯ ಮಕ್ಕಳ ನಡುವೆ ಇರಲಿ. ಥೆರಪಿಗೆ ಮಂಗಳೂರು ಹತ್ತಿರವಾದರೆ ಧಾರಾಳವಾಗಿ ಹೋಗಿ. ಪಿಂಚಣಿ, ಸವಲತ್ತು ಮಾತ್ರ ಕೇರಳದ್ದು, ಕಾಗದ ಇಲ್ಲಿಯದೇ ಇರಲಿ.

ಇದು ಎಂಡೋಸಲ್ಫಾನ್ ಕೀಟನಾಶಕದಿಂದ ಎಂದು ನೀವು ಬರೆಯಲಿಲ್ಲ, ಆದರೆ ಊರವರು ಯಾರಾದರೂ ಅಂದೇ ಅನ್ನುತ್ತಾರೆ. ಗೇರು ತೋಟಕ್ಕೆ ಅದನ್ನು ಹೆಲಿಕಾಪ್ಟರಿನಲ್ಲಿ ಸಿಂಪಡಿಸುವುದು ನಿಂತದ್ದು 2000ದಲ್ಲಿ. ಕಾರಣ ಹುಡುಕುತ್ತಾ ಥೆರಪಿಯನ್ನು ಮುಂದೆ ಹಾಕಬೇಡಿ.

ಪ್ರಶ್ನೆ: ಮೊಮ್ಮಗನಿಗೆ ಸೆರೆಬ್ರಲ್ ಪಾಲ್ಸಿ, ಮೇ ತಿಂಗಳಲ್ಲಿ 18 ತುಂಬುತ್ತದೆ. ಇನ್ನು ಅವನ ಪರವಾಗಿ ಸಹಿ ಹಾಕಲು ಅಪ್ಪನಿಗೂ ಹಕ್ಕಿಲ್ಲ ಎಂದು ಬ್ಯಾಂಕಿನಲ್ಲಿ ಹೇಳಿದರು. ನಿಜವೇ?
— ಒಬ್ಬ ಅಜ್ಜ, ಮುಳ್ಳೇರಿಯ

ಉತ್ತರ: ನಿಜ. ಆದರೆ ಮೊದಲು ನೋಡಬೇಕಾದ್ದು, ಅವನಿಗೆ ವ್ಯವಹಾರ ತಿಳಿಯುತ್ತದೆಯೇ ಎಂದು. ಪಾಲ್ಸಿ ಇರುವ ಎಷ್ಟೋ ಮಕ್ಕಳಿಗೆ ಮೈ ಮಾತ್ರ ಮಾತು ಕೇಳುವುದಿಲ್ಲ, ಬುದ್ಧಿ ಚುರುಕು. ಹಾಗಿದ್ದರೆ ಹೆಬ್ಬೆಟ್ಟು ಒತ್ತಿದರೂ ಖಾತೆ ಅವನದೇ ಹೆಸರಲ್ಲಿ ಇರಲಿ. ತಿಳಿಯದಿದ್ದರೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಂತೆ ಕಾನೂನು ಪಾಲಕರನ್ನು ನೇಮಿಸುವ ಸಮಿತಿ ಇದೆ, ಅದರ ಮುಖ್ಯಸ್ಥರು ಜಿಲ್ಲಾಧಿಕಾರಿ. ಅರ್ಜಿ ಕಾಸರಗೋಡು ವಿದ್ಯಾನಗರದ ಕಲೆಕ್ಟರೇಟಿಗೆ. ಕೋರ್ಟು ಕಚೇರಿ ಅಲೆಯಬೇಕಿಲ್ಲ. ಅದೇ ಟ್ರಸ್ಟಿನ 'ನಿರಾಮಯ' ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿ ತನಕ ಇದೆ, ಥೆರಪಿಗೂ ಸಿಗುತ್ತದೆ. ಮಾಡಿಸದಿದ್ದರೆ ಈಗ ಮಾಡಿಸಿ. ಯಾವ ಅರ್ಜಿ ಕೊಟ್ಟರೂ ಝೆರಾಕ್ಸಿನ ಮೇಲೆ ಸೀಲು ಒತ್ತಿಸಿಕೊಂಡೇ ಮೆಟ್ಟಿಲು ಇಳಿಯಿರಿ.