ಎತ್ತರದ ತೂಗುದೀಪಕ್ಕೆ ಮೋಟಾರು ಲಿಫ್ಟ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಮನೆಯ ಹಾಲ್ ಎರಡು ಅಂತಸ್ತಿನಷ್ಟು ಎತ್ತರವಾಗಿದ್ದು, ನೆಲದಿಂದ ತಾರಸಿಯ ಒಳಮೈವರೆಗೆ 7 ಮೀಟರ್ ಇದೆ. ಅಲ್ಲಿರುವ ಗಾಜಿನ ಶಾಂಡ್ಲಿಯರ್ 45 ಕಿಲೋ ತೂಗುತ್ತದೆ. ಒಂದು ಬಲ್ಬ್ ಹೋದರೂ ಸಾರವೆ ಕಟ್ಟಿಸಬೇಕಾದ್ದರಿಂದ ಬೇಸತ್ತು, ಮೋಟಾರಿನಿಂದ ಇಳಿಸಿ ಏರಿಸುವ ಲಿಫ್ಟ್ ಹಾಕಿಸಬೇಕೆಂದಿದ್ದೇವೆ. ಈಗಿರುವ ಫ್ಯಾನ್ ಕೊಕ್ಕೆಗೇ ಲಿಫ್ಟನ್ನು ನೇತುಹಾಕಿ, ಈಗಿನ ದೀಪದ ಸ್ವಿಚ್ಚಿನಿಂದಲೇ ಮೋಟಾರಿಗೂ ವಿದ್ಯುತ್ ಕೊಡಬಹುದು ಎಂದು ಎಲೆಕ್ಟ್ರಿಷಿಯನ್ ಹೇಳುತ್ತಾರೆ. ಇದು ಸರಿಯೇ?

ಉತ್ತರ: ಎರಡೂ ಸರಿಯಲ್ಲ. ಕೊಕ್ಕೆಯ ವಿಚಾರವನ್ನೇ ಮೊದಲು ನೋಡೋಣ. ಲಿಫ್ಟ್ ಎಂದರೆ ಒಂದು ಡ್ರಮ್ಮು, ಅದನ್ನು ತಿರುಗಿಸುವ ಗೇರ್ ಮೋಟಾರು, ಡ್ರಮ್ಮಿಗೆ ಸುತ್ತಿಕೊಳ್ಳುವ ಉಕ್ಕಿನ ಹಗ್ಗ, ಮತ್ತು ದೀಪ ಪೂರ್ತಿ ಮೇಲೇರಿದಾಗ ಅದನ್ನು ಒಳಗೆ ಕೂರಿಸಿಕೊಳ್ಳುವ ಬಟ್ಟಲಿನಂಥ ಭಾಗ. ಈ ಬಟ್ಟಲು ನೆಟ್ಟಗೆ, ಅಲುಗಾಡದೆ ನಿಂತರೆ ಮಾತ್ರ ದೀಪವು ಪ್ರತಿಸಲವೂ ಅದೇ ಜಾಗಕ್ಕೆ ಬಂದು ಕೂರುತ್ತದೆ. ಕೊಕ್ಕೆಯಿಂದ ಜೋತಾಡುವ ಪೆಟ್ಟಿಗೆಯಲ್ಲಿ ಡ್ರಮ್ ತಿರುಗಿದಾಗ ಪೆಟ್ಟಿಗೆಯೇ ಓಲುತ್ತದೆ, ಹಗ್ಗ ಓರೆಯಾಗಿ ಸುತ್ತಿಕೊಳ್ಳುತ್ತದೆ. ಇನ್ನು ಭಾರದ ಲೆಕ್ಕ: ನಿಮ್ಮ 45 ಕಿಲೋ ಜೊತೆಗೆ ಸರಪಳಿ, ಮೇಲಿನ ಮುಚ್ಚಳ, ಲಿಫ್ಟಿನ ಸ್ವಂತ ತೂಕ ಇವೆಲ್ಲವೂ ತಾರಸಿಯ ಮೇಲೆಯೇ ಬೀಳುತ್ತವೆ, ಮೋಟಾರು ಶುರುವಾಗುವಾಗಲೂ ನಿಲ್ಲುವಾಗಲೂ ಆಗುವ ಜಗ್ಗಾಟ ನಿಂತ ಭಾರಕ್ಕಿಂತ ಹೆಚ್ಚಿನದು. ಹೀಗಾಗಿ ಲಿಫ್ಟಿನ ಮೇಲೆ ನಮೂದಿಸಿರುವ ಭಾರ ಸಾಮರ್ಥ್ಯವು ದೀಪದ ತೂಕಕ್ಕೆ ಸರಿಸಮನಾಗಿದ್ದರೆ ಸಾಲದು, ಅದಕ್ಕಿಂತ ಸಾಕಷ್ಟು ಹೆಚ್ಚಿರಬೇಕು.

ಕಾಂಕ್ರೀಟ್ ತಾರಸಿಯಾದರೆ ಲಿಫ್ಟಿನ ತಳಹಲಗೆಯನ್ನು ಆಂಕರ್ ಬೋಲ್ಟುಗಳಿಂದ ಗಟ್ಟಿ ಕಾಂಕ್ರೀಟಿಗೇ ಬಿಗಿಯಬೇಕು. ಬೋಲ್ಟ್ ಎಷ್ಟು ಆಳಕ್ಕೆ ಹೋಯಿತೆಂದು ಅಳೆಯುವಾಗ ಗಾರೆಯ ದಪ್ಪವನ್ನು ಲೆಕ್ಕಕ್ಕೆ ಹಿಡಿಯಬಾರದು. ಮರದ ಮಾಡಾದರೆ ಎರಡು ತೊಲೆಗಳ ನಡುವೆ ಅಡ್ಡತೊಲೆ ಕೊಟ್ಟು ಅದಕ್ಕೆ ಕಟ್ಟಬೇಕು. ಫಾಲ್ಸ್ ಸೀಲಿಂಗ್ ಇದ್ದರೆ ಅದು ಮರೆಮಾಡುವ ಪರದೆಯಷ್ಟೇ, ಒಂದು ಕಿಲೋ ಭಾರವನ್ನೂ ಅದರ ಚೌಕಟ್ಟಿಗೆ ಬಿಡಬಾರದು. ಯಾವ ರೀತಿಯ ಛಾವಣಿಯಾದರೂ ಅದು ಈ ಹೆಚ್ಚುವರಿ ಭಾರವನ್ನು ಹೊರಬಲ್ಲದೇ ಎಂಬ ಮಾತನ್ನು ಸ್ಟ್ರಕ್ಚರಲ್ ಎಂಜಿನಿಯರ್ ಹೇಳಬೇಕೇ ಹೊರತು ಲಿಫ್ಟ್ ಮಾರುವವರಲ್ಲ. 1896ರಲ್ಲಿ ಪ್ಯಾರಿಸ್‌ನ ಒಪೆರಾ ಗಾರ್ನಿಯೇ ಸಭಾಂಗಣದಲ್ಲಿ ಕಳಚಿ ಬಿದ್ದು ಒಬ್ಬರ ಪ್ರಾಣ ತೆಗೆದದ್ದು ಶಾಂಡ್ಲಿಯರ್ ಅಲ್ಲ, ಅದರ ತೂಕ ಸರಿದೂಗಿಸಲು ಮೇಲೆ ಇರಿಸಿದ್ದ ಪ್ರತಿಭಾರ. ಕೆಳಗೆ ನಿಂತವರ ಕಣ್ಣು ದೀಪದ ಮೇಲಿರುತ್ತದೆ. ಅಪಾಯ ಇರುವುದು ಕಾಣದ ಜಾಗದಲ್ಲಿ.

ಈಗ ಸ್ವಿಚ್ಚಿನ ವಿಚಾರ. ಹೆಚ್ಚಿನ ಲಿಫ್ಟುಗಳಲ್ಲಿ ದೀಪಕ್ಕೆ ಹೋಗುವ ತಂತಿ ಹಗ್ಗದ ಜೊತೆ ಇಳಿಯುವುದಿಲ್ಲ. ದೀಪ ಬಟ್ಟಲಿನಲ್ಲಿ ಪೂರ್ತಿ ಕೂತಾಗ ಅದರ ತಲೆಯ ಮೇಲಿನ ಲೋಹದ ಸಂಪರ್ಕ ಬಿಂದುಗಳು ಬಟ್ಟಲಿನೊಳಗಿನ ಬಿಂದುಗಳನ್ನು ಒತ್ತಿಕೊಳ್ಳುತ್ತವೆ, ಆಗ ವಿದ್ಯುತ್ ಹರಿಯುತ್ತದೆ. ಒಂದೆರಡು ಅಂಗುಲ ಇಳಿಯುತ್ತಿದ್ದಂತೆ ಸಂಪರ್ಕ ತಪ್ಪಿ ದೀಪ ಆರುತ್ತದೆ. ಕೆಳಗೆ ಇಳಿದ ದೀಪದಲ್ಲಿ ವಿದ್ಯುತ್ತೇ ಇಲ್ಲದಿರುವುದು ಒಂದು ದೊಡ್ಡ ರಕ್ಷಣೆ. ಆದರೆ ದೀಪದ ಸ್ವಿಚ್ ಆರಿಸಿರುವಾಗಲೂ ಮೋಟಾರು ಓಡಬೇಕಲ್ಲ? ಆದ್ದರಿಂದ ಮೋಟಾರಿಗೆ ತನ್ನದೇ ಎಂಸಿಬಿ (ವಿದ್ಯುತ್ ಮಿತಿಮೀರಿ ಹರಿದರೆ ತಾನೇ ಕಡಿದುಕೊಳ್ಳುವ ಸ್ವಿಚ್) ಇರುವ ಪ್ರತ್ಯೇಕ ಲೈನ್ ಬೇಕು, ದೀಪಕ್ಕೆ ಬೇರೆಯದು. ದೀಪಕ್ಕೆ ಬೆಳಕು ತಗ್ಗಿಸುವ ಡಿಮ್ಮರ್ ಹಾಕಿದ್ದರೆ ಅದರ ಹಿಂದಿನಿಂದ ಮೋಟಾರಿಗೆ ವಿದ್ಯುತ್ ಎಳೆಯುವುದಂತೂ ಕೂಡದು, ತಗ್ಗಿದ ವಿದ್ಯುತ್ತಿನಲ್ಲಿ ಮೋಟಾರು ಬಿಸಿಯಾಗಿ ಕೆಡುತ್ತದೆ. ದೀಪ ಕೂತ ಸ್ಥಿತಿಯಲ್ಲಿ ಅದರ ಲೋಹದ ಮೈವರೆಗೂ ಅರ್ಥಿಂಗ್ ತಲುಪಿದೆಯೇ ಎಂಬುದನ್ನು ಮೀಟರ್ ಇಟ್ಟು ನೋಡಿಸಿ.

ಹಗ್ಗದ ಉದ್ದವನ್ನು ನೀವೇ ಲೆಕ್ಕ ಹಾಕಬಹುದು. ನಿಮ್ಮ ದೀಪದ ಸರಪಳಿ 2 ಮೀಟರ್, ದೀಪದ ಎತ್ತರ 1.2 ಮೀಟರ್ ಎಂದುಕೊಳ್ಳೋಣ. 7 ಮೀಟರಿನಲ್ಲಿ ಅವೆರಡನ್ನೂ ಕಳೆದರೆ ದೀಪದ ತಳವು ನೆಲದಿಂದ 3.8 ಮೀಟರ್ ಮೇಲಿರುತ್ತದೆ. ನಿಂತುಕೊಂಡು ಒರೆಸಲು ಅನುಕೂಲವಾಗುವಂತೆ ಅದು ನೆಲದಿಂದ 1 ಮೀಟರ್ ಎತ್ತರಕ್ಕೆ ಬಂದರೆ ಸಾಕಾದರೆ, ಹಗ್ಗ ಇಳಿಯಬೇಕಾದ್ದು 2.8 ಮೀಟರ್ ಮಾತ್ರ. ಬಟ್ಟಲು ಛಾವಣಿಗಿಂತ ಎಷ್ಟು ಕೆಳಗೆ ಬರುತ್ತದೋ ಅಷ್ಟನ್ನು ಇದರಲ್ಲಿ ಹೊಂದಿಸಿಕೊಳ್ಳಬೇಕು. ದೀಪ ಇಳಿದು ನಿಲ್ಲಬೇಕಾದ ಈ ಮಿತಿಯನ್ನು, ಅಲ್ಲಿಗೆ ಬಂದಾಗ ಮೋಟಾರನ್ನು ತಾನೇ ನಿಲ್ಲಿಸುವ ಲಿಮಿಟ್ ಸ್ವಿಚ್ಚಿನಲ್ಲಿ ಹೊಂದಿಸದೆ ಬಿಟ್ಟರೆ ದೀಪ ನೆಲ ಮುಟ್ಟಿದ ಮೇಲೂ ಹಗ್ಗ ಬಿಚ್ಚಿಕೊಳ್ಳುತ್ತಲೇ ಹೋಗಿ, ಮತ್ತೆ ಸುತ್ತುವಾಗ ಡ್ರಮ್ಮಿನ ಮೇಲೆ ಸಿಕ್ಕಾಗುತ್ತದೆ. ಹಗ್ಗ ಸಡಿಲವಾದ ಕೂಡಲೇ ಮೋಟಾರನ್ನು ನಿಲ್ಲಿಸುವ ವ್ಯವಸ್ಥೆಯುಳ್ಳ ಮಾದರಿಯನ್ನೇ ಆರಿಸಿಕೊಳ್ಳಿ.

ಇನ್ನೊಂದು ಮಾತನ್ನು ನೀವು ಕೇಳಿಲ್ಲ, ಆದರೂ ಹೇಳಬೇಕು: ಪೆಟ್ಟಿಗೆಯನ್ನು ಮುಚ್ಚಿ ಪ್ಲಾಸ್ಟರ್ ಮಾಡಿಸಬೇಡಿ. ಹಗ್ಗ, ಗೇರು, ಸಂಪರ್ಕ ಬಿಂದುಗಳು ಇವನ್ನು ತಲುಪಲು ಕೈ ಹೋಗುವಷ್ಟು ಬಾಗಿಲು ಇರಲೇಬೇಕು. ಸಾರವೆಯ ಕಾಟ ತಪ್ಪಿಸಲೆಂದು ಹಾಕಿಸಿದ ಲಿಫ್ಟನ್ನೇ ರಿಪೇರಿ ಮಾಡಲು ಸಾರವೆ ಕಟ್ಟಿ ಸೀಲಿಂಗ್ ಒಡೆಸಿದವರಿದ್ದಾರೆ.

ಪ್ರಶ್ನೆ: ನಮ್ಮ ಶಾಂಡ್ಲಿಯರ್‌ಗೆ ಲಿಫ್ಟ್ ಇದೆ. ಕಳೆದ ಬಾರಿ ಇಳಿಸಿ ತೊಳೆದು ಮೇಲೇರಿಸಿದಾಗಿನಿಂದ ದೀಪ ಮಿಣುಕುತ್ತಿದೆ. ಬಲ್ಬುಗಳನ್ನೆಲ್ಲ ಬದಲಿಸಿದರೂ ಹೋಗಲಿಲ್ಲ.

ಉತ್ತರ: ಎಲ್ಲ ಬಲ್ಬೂ ಒಟ್ಟಿಗೇ ಮಿಣುಕುತ್ತಿದ್ದರೆ ದೋಷ ಬಲ್ಬಿನದಲ್ಲ, ಸಂಪರ್ಕ ಬಿಂದುಗಳದ್ದು. ತೊಳೆಯುವಾಗ ಬಿಚ್ಚಿದ ಗಾಜಿನ ಹರಳುಗಳನ್ನು ಮರಳಿ ಸಿಕ್ಕಿಸುವಾಗ ಒಂದು ಬದಿಗೆ ನಾಲ್ಕು ಹೆಚ್ಚು, ಇನ್ನೊಂದು ಬದಿಗೆ ನಾಲ್ಕು ಕಡಿಮೆಯಾಗಿದ್ದರೂ ದೀಪ ತುಸು ವಾಲುತ್ತದೆ. ವಾಲಿದ ದೀಪದ ತಲೆ ಬಟ್ಟಲಿನಲ್ಲಿ ಓರೆಯಾಗಿ ಕೂತು, ಒಂದು ಬಿಂದು ಗಟ್ಟಿಯಾಗಿ ಒತ್ತಿದರೆ ಇನ್ನೊಂದು ಬರಿದೇ ಸೋಕುತ್ತದೆ. ದೀಪದ ಸ್ವಿಚ್ ಆರಿಸಿ ಸ್ವಲ್ಪ ದೂರ ಇಳಿಸಿ, ದೂರದಿಂದ ನೋಡಿ: ಸರಪಳಿ ನೆಟ್ಟಗಿದ್ದು ದೀಪದ ತೋಳುಗಳು ಒಂದೇ ಮಟ್ಟದಲ್ಲಿವೆಯೇ? ಇಲ್ಲವಾದರೆ ಹರಳುಗಳನ್ನು ಸರಿದೂಗಿಸಿ. ಮಟ್ಟ ಸರಿಯಿದ್ದೂ ಮಿಣುಕಿದರೆ ಬಿಂದುಗಳ ಮೇಲೆ ಧೂಳೋ ಕಪ್ಪೋ ಕೂತಿರಬೇಕು. ಅದನ್ನು ಎರಡೂ ಲೈನಿನ ಎಂಸಿಬಿ ಇಳಿಸಿದ ಮೇಲೆ ಎಲೆಕ್ಟ್ರಿಷಿಯನ್ ಕೈಯಲ್ಲೇ ಒರೆಸಿಸಬೇಕು. ಮಿಣುಕುತ್ತಿದ್ದರೂ ಉರಿಸುತ್ತಿದ್ದರೆ ಕಿಡಿ ಹಾರಿ ಬಿಂದುಗಳು ಸುಟ್ಟುಹೋಗುತ್ತವೆ.

ಪ್ರಶ್ನೆ: ರಿಮೋಟ್ ಒಳ್ಳೆಯದೋ, ಗೋಡೆಯ ಕೀಲಿ ಸ್ವಿಚ್ಚೋ?

ಉತ್ತರ: ಮಕ್ಕಳಿರುವ ಮನೆಯಲ್ಲಿ ಕೀಲಿ ಸ್ವಿಚ್ಚು. ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಓಡಿ, ಕೈ ಬಿಟ್ಟರೆ ನಿಲ್ಲುವಂಥದ್ದಿರಲಿ, ಮತ್ತು ಅಲ್ಲಿ ನಿಂತರೆ ದೀಪ ಪೂರ್ತಿ ಕಾಣುವಂತಿರಲಿ. ದೀಪ ಚಲಿಸುತ್ತಿರುವಾಗ ಅದರ ಅಡಿಯಲ್ಲಿ ಯಾರೂ ಇರಬಾರದು. ವರ್ಷಕ್ಕೊಮ್ಮೆಯಾದರೂ ಇಳಿಸಿದಾಗ, ಹಗ್ಗದಲ್ಲಿ ಎಳೆ ಬಿಟ್ಟಿದೆಯೇ, ತುಕ್ಕು ಅಥವಾ ಮಡಿಕೆ ಕಾಣುತ್ತದೆಯೇ ಎಂದು ಕಣ್ಣಿನಿಂದಲೇ ನೋಡಿ, ಬರಿಗೈಯಿಂದ ಸವರಬೇಡಿ. ಕಡಿದ ಉಕ್ಕಿನ ಎಳೆ ಸೂಜಿಯಂತೆ ಚುಚ್ಚುತ್ತದೆ. ಒಂದೇ ಎಳೆ ಬಿಟ್ಟಿದ್ದರೂ ದೀಪವನ್ನು ಮೇಲೇರಿಸದೆ, ಕೆಳಗೆ ಆಧಾರ ಕೊಟ್ಟಿರಿಸಿ ಹಗ್ಗ ಬದಲಿಸಲು ಹೇಳಿಕಳಿಸಿ.